ಬೀಗಿತ್ತಿಯರ ವಿಮಾನ

ಜೀವನ್ ಬಿಮಾ ನಗರ, ಬೆಂಗಳೂರು
೨೧ ಸೆಪ್ಟೆಂಬರ್ ೨೦೨೫

ಬೀಗಿತ್ತಿ ವಿಮಲಾಕ್ಷಿಯವರಿಗೆ ಶಾಂತಕುಮಾರಿಯ ನಮಸ್ಕಾರಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನೀವೂ ಗಟ್ಟಿಮುಟ್ಟಾಗಿದ್ದೀರಿ ಎಂಬುದು ಮೊನ್ನೆ ನನ್ನ ಮಾತು ಮುಗಿಯುವ ಮೊದಲೇ ನೀವು ಫೋನ್ ಕಟ್ ಮಾಡಿದ್ದರಿಂದ ತಿಳಿಯಿತು. ಫೋನಿನಲ್ಲಿ ನಮ್ಮಿಬ್ಬರಿಗೂ ದನಿ ಏರುತ್ತದೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಂಜನಾಗೆ ಐದು ತಿಂಗಳು ತುಂಬಿತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಇದು ನಾನು ಮಾಡಿದ ಕಾನೂನಲ್ಲ, ನಿಮ್ಮ ರಾಣೆಬೆನ್ನೂರಿನ ಕಡೆಯೂ ಹೀಗೇ ಇರಬೇಕು. ನಿಮ್ಮ ಮಗ ಪ್ರಭುಲಿಂಗನನ್ನು ಬ್ಯಾಂಕಿನವರು ಅಂಡಮಾನಿನ ಪೋರ್ಟ್ ಬ್ಲೇರಿಗೆ ವರ್ಗ ಮಾಡಿದ್ದಾರೆ. ಅಲ್ಲಿಂದ ಬರಲು ವಿಮಾನ ಬೇಕು, ಇಲ್ಲವಾದರೆ ದಿನಗಟ್ಟಲೆ ಹಡಗಿನಲ್ಲಿ ಕೂರಬೇಕು. ಏಳು ತಿಂಗಳು ತುಂಬುವುದರೊಳಗೆ ವಿಮಾನ ಹತ್ತಬಹುದೆಂದು ಡಾಕ್ಟರು ಹೇಳಿಯಾಗಿದೆ. ಹೀಗಿರುವಾಗ ನೀವು ನನ್ನ ಮಗಳಿಗೆ "ಹೊಟ್ಟ್ಯಾಗ ಕೂಸು ಇಟಗೊಂಡು ಆಕಾಶಕ್ಕ ಹಾರಬ್ಯಾಡವ್ವ" ಎಂದಿರಂತೆ. ಜೂನ್ ತಿಂಗಳಲ್ಲಿ ಅಹಮದಾಬಾದಿನಲ್ಲಿ ವಿಮಾನ ಬಿದ್ದದ್ದನ್ನೂ ನೆನಪು ಮಾಡಿಕೊಟ್ಟಿರಂತೆ. ಬಸುರಿ ಹೆಂಗಸಿನ ಮುಂದೆ ಆಡುವ ಮಾತೇ ಅದು?

ನಮ್ಮವರು ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು, ನಿಮಗೆ ಗೊತ್ತು. ಅವರನ್ನು ಕೂರಿಸಿಕೊಂಡು ಎಲ್ಲ ಕೇಳಿದ್ದೇನೆ. ಪೋರ್ಟ್ ಬ್ಲೇರಿನಿಂದ ನಮ್ಮೂರಿಗೆ ಬೆಳಿಗ್ಗೆ ಒಂದು ಕಂಪನಿಯ ವಿಮಾನ ಇದೆ, ಮಧ್ಯಾಹ್ನ ಇನ್ನೊಂದರದು. ಬೆಳಗಿನ ಕಂಪನಿ ಹೊಸದು, ಇಲ್ಲಿಯವರೆಗೆ ಒಂದೂ ಅಪಘಾತ ಇಲ್ಲ. ಮಧ್ಯಾಹ್ನದ್ದು ಹಳೆಯದು, ಎಂದೋ ಒಂದು ಆಗಿದೆ. ಹಾಗಾದರೆ ಬೆಳಗಿನದೇ ಸರಿ ಎಂದೆ. ಅವರು ನಕ್ಕರು. ಬರೀ ಅಪಘಾತ ಎಣಿಸಬಾರದಂತೆ, ಎಷ್ಟು ಸಲ ಹಾರಿದೆಯೋ ಅದರಿಂದ ಭಾಗಿಸಬೇಕಂತೆ. ಅಡುಗೆಮನೆಗೇ ಕಾಲಿಡದ ಸೊಸೆ ಒಂದು ಲೋಟವನ್ನೂ ಒಡೆದಿಲ್ಲ ಎಂದರೆ ಅವಳ ಕೈ ಗಟ್ಟಿ ಎಂದಲ್ಲ ಎಂದರು. ಅದನ್ನು ಹೇಳುವಾಗ ಅವರ ಮನಸ್ಸಿನಲ್ಲಿ ಯಾವ ಸೊಸೆಯೂ ಇರಲಿಲ್ಲ, ನೀವು ತಪ್ಪು ತಿಳಿಯಬಾರದು. ಭಾಗಿಸಿ ನೋಡಿದರೆ ಹಳೆಯ ಕಂಪನಿಯ ದಾಖಲೆಯೇ ಹೆಚ್ಚು ನಂಬಿಕೆಯದು. ಎರಡೂ ಒಳ್ಳೆಯವೇ. ನಿಮ್ಮ ಮನೆ ಹತ್ತಿರದ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ರಸ್ತೆ ದಾಟುವವರಿಗಿರುವ ಅಪಾಯದಲ್ಲಿ ಒಂದು ಚೂರೂ ವಿಮಾನದಲ್ಲಿ ಕುಳಿತವರಿಗಿಲ್ಲ.

ಇದನ್ನೆಲ್ಲ ರಂಜನಾಗೂ ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿದ್ದೇನೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿಯಾಯಿತು. ಹಳೆಯ ಪಂಚೆಗಳನ್ನು ಮೆತ್ತಗಾಗುವಂತೆ ಒಗೆದು ಮಡಿಸಿಟ್ಟಿದ್ದೇನೆ. ನೀವು ಮಗು ನೋಡಲು ಯಾವಾಗ ಬೇಕಾದರೂ ಬರಬಹುದು, ಕೆ.ಆರ್. ಪುರ ಏನು ದೂರವಲ್ಲ.

ಇಂತಿ,
ಶಾಂತಕುಮಾರಿ


ಕೆ.ಆರ್. ಪುರ
೪ ಅಕ್ಟೋಬರ್ ೨೦೨೫

ಶಾಂತಕ್ಕನವರಿಗೆ ಶರಣು.

ನಿಮ್ಮ ಕಾಗದ ಓದಿ ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. ಶೇಖರಪ್ಪನವರು ನಗುವುದೇ ಅಪರೂಪ, ಅದಕ್ಕಾಗಿ ನಿಮಗೆ ಉಪಕಾರ ಹೇಳಬೇಕು.

ವಿಮಾನ ಇಷ್ಟು ಕ್ಷೇಮವೆಂದು ಬರೆದ ನೀವು ಈವರೆಗೆ ಎಷ್ಟು ಸಲ ಹತ್ತಿದ್ದೀರಿ ಅಕ್ಕ? ಮಕ್ಕಳ ಮದುವೆ ಮುಗಿದ ವರ್ಷ ಎಲ್ಲರೂ ಕೂಡಿ ಕಾಶಿಗೆ ಹೊರಟೆವು. ನಾವು ವಿಮಾನದಲ್ಲಿ ಹೋಗಿ, ಸ್ನಾನ ಮುಗಿಸಿ, ಉಂಡು, ಮಲಗಿ ಎದ್ದು ಕಾಯುತ್ತಿದ್ದೆವು. ನೀವು ಬೆನ್ನು ಹಿಡಿದುಕೊಂಡು ರೈಲಿನಿಂದ ಇಳಿದಿರಿ. ಬೀಗರು ನಿಮ್ಮ ಸಲುವಾಗಿ ರೈಲಿನಲ್ಲಿ ಬಂದರೇ ಹೊರತು ಅವರಿಗೇನೂ ಭಯ ಇರಲಿಲ್ಲ. ವಿಮಾನದ ಒಳಹೊರಗು ಬಲ್ಲವರ ಹೆಂಡತಿಯೇ ಹತ್ತದಿದ್ದರೆ ನಮ್ಮಂಥವರು ಏನು ತಿಳಿಯಬೇಕು?

ನೀವು ಬೀಗರನ್ನು ಕೇಳಿ ತಿಳಿದಿರಿ, ನಾನೂ ಪೇಪರಿನಲ್ಲಿ ಓದಿದ್ದೇನೆ. ಆಕಾಶದ ನಡುವೆ ಆಗುವ ಅಪಘಾತ ಕಡಿಮೆಯಂತೆ. ಮೇಲೇಳುವಾಗ ಒಂದು, ಇಳಿಯುವಾಗ ಒಂದು, ಆಗಲೇ ಹೆಚ್ಚು ಕಷ್ಟವಂತೆ. ಸೊಸೆ ಬರಬೇಕೆಂದರೆ ಏಳುವುದನ್ನೂ ಇಳಿಯುವುದನ್ನೂ ಬಿಡಲಾಗುತ್ತದೆಯೇ? ಹಕ್ಕಿ ಇಂಜಿನ್ನಿಗೆ ಸಿಕ್ಕಿದ್ದು, ಮಂಜಿನಲ್ಲಿ ದಾರಿ ಕಾಣದೇ ಹೋದದ್ದು, ಪೈಲಟ್ ನಿದ್ದೆಗೆಟ್ಟು ಒಂದರ ಬದಲು ಇನ್ನೊಂದು ಮಾಡಿದ್ದು, ಎಲ್ಲ ಬಂದಿತ್ತು. ಆ ಪುಟಗಳನ್ನು ಕತ್ತರಿಸಿ ಅವಳಿಗೆ ಕಳಿಸಿದ್ದೇನೆ. ನಾನು ಎಷ್ಟು ಸಲ ಬೇಕಾದರೂ ಹಾರುತ್ತೇನೆ, ನನ್ನದು ಹೆತ್ತು ಮುಗಿದ ಜೀವ. ಅವಳದು ಹಾಗಲ್ಲ. ಅವಳು ಅಲ್ಲೇ ಇರಲಿ, ನಾನು ಹೋಗಿ ಬಾಣಂತನ ಮಾಡುತ್ತೇನೆ.

ಮುಚ್ಚಿಡುವುದು ನನಗೆ ಬರುವುದಿಲ್ಲ. ನನಗೆ ಮಗಳಿಲ್ಲ. ನನ್ನ ಮಗ ಫೋನ್ ಮಾಡಿದರೆ "ಊಟಾತಾ ಅವ್ವ" ಎಂದು ಕೇಳಿ ಇಟ್ಟುಬಿಡುತ್ತಾನೆ. ರಂಜನಾ ನಿಮಗೆ ಮಾಡಿದರೆ ಕುಕ್ಕರ್ ಇಟ್ಟು ಅನ್ನ ಇಳಿಸುವವರೆಗೆ ಮಾತು ನಡೆಯುತ್ತದೆ ಎಂದು ಬೀಗರೇ ಹೇಳಿದ್ದಾರೆ. ಅದನ್ನು ಕೇಳಿದ ದಿನ ನನಗೆ ಹೊಟ್ಟೆ ಉರಿದುಹೋಯಿತು. ನಿಮಗೆ ಅವಳು ಹುಟ್ಟಿದಾಗಿನಿಂದ ಸಿಕ್ಕಿದ್ದಾಳೆ. ಈ ಬಾಣಂತನವೊಂದು ನನಗಿರಲಿ.

ನಿಮ್ಮ,
ವಿಮಲಾಕ್ಷಿ


ಜೀವನ್ ಬಿಮಾ ನಗರ
೯ ನವೆಂಬರ್ ೨೦೨೫

ವಿಮಲಾಕ್ಷಿಯವರಿಗೆ,

ನೀವು ಗೆದ್ದಿರಿ. ರಂಜನಾ ಬರುವುದಿಲ್ಲವಂತೆ. ಅಳಿಯಂದಿರು ಫೋನ್ ಮಾಡಿ ಇಷ್ಟೇ ಹೇಳಿದರು. ಯಾಕೆ ಎಂದು ಕೇಳಿದರೆ "ಬೇಡ ಬಿಡಿ ಅತ್ತೆ, ಅವಳಿಗೆ ಆಗಲ್ಲ" ಎಂದರು. ಅವಳು ಫೋನಿಗೆ ಬರಲಿಲ್ಲ. ನೀವು ಕತ್ತರಿಸಿ ಕಳಿಸಿದ ಪುಟಗಳು ತಮ್ಮ ಕೆಲಸ ಮಾಡಿವೆ.

ಜನವರಿ ಮೊದಲ ವಾರಕ್ಕೆ ನಿಮ್ಮ ಟಿಕೆಟ್ ಆಗಿದೆಯೆಂದು ತಿಳಿಯಿತು. ನೀವು ಹೋಗುವವರೇ ಆದ್ದರಿಂದ ಕೆಲವು ವಿಷಯ ತಿಳಿಸುವುದು ನನ್ನ ಕರ್ತವ್ಯ. ವಿಮಾನ ಒಂದೇ ಕಾರಣಕ್ಕೆ ಬೀಳುವುದು ಕಡಿಮೆ ಎನ್ನುತ್ತಾರೆ ನಮ್ಮವರು. ಒಬ್ಬ ಮೆಕ್ಯಾನಿಕ್ ಅವಸರದಲ್ಲಿ ಒಂದು ತಿರುಪು ಸಡಿಲ ಬಿಟ್ಟಿರುತ್ತಾನೆ. ಅದೊಂದರಿಂದ ಏನೂ ಆಗುವುದಿಲ್ಲ. ಅದೇ ದಿನ ಮೋಡ ಇರುತ್ತದೆ. ಅದೇ ದಿನ ದೊಡ್ಡ ಪೈಲಟ್ ತಪ್ಪು ಮಾಡುತ್ತಿರುವುದು ಚಿಕ್ಕ ಪೈಲಟ್‌ಗೆ ಕಂಡರೂ ಹೇಳಲು ಸಂಕೋಚ. ಎಲ್ಲ ಸೇರಿಕೊಳ್ಳುತ್ತವೆ. ಪೋರ್ಟ್ ಬ್ಲೇರಿನಲ್ಲಿ ರನ್‌ವೇಯ ಒಂದು ಕಡೆ ಗುಡ್ಡವಂತೆ, ಎಲ್ಲ ಪೈಲಟ್‌ಗಳನ್ನೂ ಅಲ್ಲಿಗೆ ಕಳಿಸುವುದಿಲ್ಲವಂತೆ. ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಯೋಚಿಸಿ. ಅವಳಿಗೂ ಬರೆದಿದ್ದೇನೆ, ಅತ್ತೆಯವರನ್ನು ಈ ವಯಸ್ಸಿನಲ್ಲಿ ಅಪಾಯಕ್ಕೆ ಒಡ್ಡಬೇಡ ಎಂದು.

ನಾನು ಯಾಕೆ ಹತ್ತುವುದಿಲ್ಲ ಎಂದು ಕೇಳಿದ್ದಿರಿ. ಕೆಲಸದಲ್ಲಿದ್ದಾಗ ಕೆಲವು ದಿನ ಇವರು ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದರು. ಕೇಳಿದರೆ, ಇವತ್ತೊಂದು ಭಾಗದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ವಾಪಸ್ ಕಳಿಸಿದೆ ಎನ್ನುತ್ತಿದ್ದರು. ಹಿಡಿದರಲ್ಲ ಎಂದು ಅವರಿಗೆ ಸಮಾಧಾನವಾಗಬೇಕಿತ್ತು. ನಾನು ಮಾತ್ರ ಪಲ್ಯ ಬಡಿಸುತ್ತ, ಇವರಿಗೆ ಇವತ್ತು ಜ್ವರ ಬಂದು ರಜೆ ಹಾಕಿದ್ದರೆ ಏನಾಗುತ್ತಿತ್ತು ಎಂದೇ ಯೋಚಿಸುತ್ತಿದ್ದೆ. ನಮ್ಮ ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಕಿಟಕಿ ಅದುರುತ್ತದೆ, ನನ್ನ ಎದೆಯೂ ಅದುರುತ್ತದೆ.

ನೀವು ಮುಚ್ಚಿಡದೆ ಬರೆದಿರಿ, ನಾನೂ ಬರೆಯುತ್ತೇನೆ. ನನ್ನ ಮಗಳ ತಲೆಗೆ ನೀವು ಎಣ್ಣೆ ತಟ್ಟುವುದನ್ನು, ನನ್ನ ಮೊಮ್ಮಗುವಿಗೆ ನೀವು ಮೊದಲು ಎರೆಯುವುದನ್ನು ನೆನೆದರೆ ನನಗೆ ಅನ್ನ ಸೇರುವುದಿಲ್ಲ. ಮಡಿಸಿಟ್ಟ ಪಂಚೆಗಳು ಬೀರುವಿನಲ್ಲಿ ಹಾಗೇ ಇವೆ. ಕಿಚ್ಚು ಎಂದರೆ ಇದೇ ಇರಬೇಕು.

ಶಾಂತಕುಮಾರಿ


ಕೆ.ಆರ್. ಪುರ
೧೮ ನವೆಂಬರ್ ೨೦೨೫

ಶಾಂತಕ್ಕನವರಿಗೆ ಶರಣು.

ಸೆಪ್ಟೆಂಬರಿನಲ್ಲಿ ವಿಮಾನ ಟಿನ್ ಫ್ಯಾಕ್ಟರಿ ರಸ್ತೆಗಿಂತ ಕ್ಷೇಮವಾಗಿತ್ತು. ನವೆಂಬರಿನಲ್ಲಿ ಅದೇ ವಿಮಾನದ ತಿರುಪು ಸಡಿಲವಾಯಿತು, ಮೋಡ ಕವಿಯಿತು, ಎದುರಿಗೆ ಗುಡ್ಡವೂ ಎದ್ದಿತು. ನಿಮ್ಮ ಮಗಳು ಕೂತರೆ ಹಾರುತ್ತದೆ, ನಾನು ಕೂತರೆ ಬೀಳುತ್ತದೆ. ಇಂಥ ವಿಮಾನ ಯಾವ ಕಾರ್ಖಾನೆಯಲ್ಲಿ ಮಾಡುತ್ತಾರೆಂದು ಬೀಗರನ್ನು ಕೇಳಿ ತಿಳಿಸಿ.

ನಾನು ಹೋಗುವುದು ಹೋಗುವುದೇ. ಬಾಣಂತಿಗೆ ಕೊಡುವ ಅಂಟಿನುಂಡೆಗೆ ಸಾಮಾನು ತರಿಸಿದ್ದೇನೆ. ನಿಮಗೂ ಬರಬೇಕೆನ್ನಿಸಿದರೆ ಹಡಗಿದೆ. ಈಗ ಹೊರಟರೆ ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ತಲುಪಬಹುದು.

ವಿಮಲಾಕ್ಷಿ


ಪೋರ್ಟ್ ಬ್ಲೇರ್
೫ ಡಿಸೆಂಬರ್ ೨೦೨೫

ಅಮ್ಮನಿಗೆ ಮತ್ತು ಅತ್ತೆಗೆ,

ಇಬ್ಬರಿಗೂ ಇದೇ ಕಾಗದವನ್ನು ಎರಡು ಸಲ ಬರೆದಿದ್ದೇನೆ. ಒಂದಕ್ಷರವೂ ಹೆಚ್ಚು ಕಡಿಮೆ ಇಲ್ಲ, ಹೋಲಿಸಿ ನೋಡುವುದಾದರೆ ನೋಡಿ.

ನವೆಂಬರ್ ಮೊದಲ ವಾರ ನಾನು ಹೊರಟಿದ್ದೆ. ನಿಮಗಿಬ್ಬರಿಗೂ ಹೇಳದೆ ಬಂದು ಬಾಗಿಲು ತಟ್ಟೋಣವೆಂದು ಟಿಕೆಟ್ ತೆಗೆಸಿದ್ದೆ. ಇವರೂ ಜೊತೆಗೆ ಬರುವವರಿದ್ದರು. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಳಗೆ ಹೋಗಿಯಾಗಿತ್ತು. ಗಾಜಿನಾಚೆ ವಿಮಾನ ನಿಂತಿತ್ತು. ನನಗೆ ಅದರ ರೆಕ್ಕೆ ಕಾಣುವ ಬದಲು ಅತ್ತೆ ಕಳಿಸಿದ ಪೇಪರಿನ ಚಿತ್ರಗಳು ಕಂಡವು. ಆಗ ಅಮ್ಮನ ಕಾಗದವನ್ನು ನೆನೆಸಿಕೊಂಡೆ, ಲಕ್ಷ ಸಲ ಹಾರಿದರೆ ಇಷ್ಟು, ಹತ್ತು ಲಕ್ಷ ಸಲ ಹಾರಿದರೆ ಇಷ್ಟು ಎಂದು. ಅಮ್ಮ, ನೀನು ಅದನ್ನೆಲ್ಲ ಬರೆಯುವಾಗ ನಿನ್ನ ಕೈ ನಡುಗುತ್ತಿತ್ತು ಎಂದು ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು. ನೀನೇ ನಂಬದ ಮಾತನ್ನು ನಾನು ಹೇಗೆ ನಂಬಲಿ? ನನಗೆ ಮೈಯೆಲ್ಲ ಬೆವರಿ ಉಸಿರು ಕಟ್ಟಿತು. ಅಲ್ಲಿಂದ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಬಿಪಿ ಏರಿತ್ತು. ಇನ್ನು ಪ್ರಯಾಣ ಬೇಡ ಎಂದರು. ನಿಮಗೆ ಹೇಳಬೇಡಿ ಎಂದು ಇವರಿಗೆ ನಾನೇ ಆಣೆ ಹಾಕಿದೆ.

ನಾನು ನನ್ನ ಕೋಣೆಯಲ್ಲಿ ಮಲಗಬೇಕೆಂದಿದ್ದೆ ಅಮ್ಮ. ಕಿಟಕಿಯಿಂದ ಹಲಸೂರಿನ ಕಡೆಯ ಮಸೀದಿಯ ಆಜಾನ್, ಪಿಳ್ಳಮ್ಮ ಸೊಪ್ಪು ಕೂಗಿಕೊಂಡು ಬರುವುದು, ಎಲ್ಲ ಕೇಳಬೇಕೆಂದಿದ್ದೆ. ಅಷ್ಟೇ ಬೇಕಿದ್ದದ್ದು. ಆಮೇಲೆ ನಿನ್ನ ಇನ್ನೊಂದು ಕಾಗದ ಬಂತು, ಇಲ್ಲಿ ಗುಡ್ಡ ಇದೆ, ಅತ್ತೆ ಬರುವುದು ಅಪಾಯ ಎಂದು. ಆವತ್ತು ನನಗೆ ಅರ್ಥವಾಯಿತು. ಅತ್ತೆ, ನೀವು ವಿಮಾನದಲ್ಲಿ ಪುಟ್ಟ ಮಗುವಿನ ಹಾಗೆ ಕಿಟಕಿ ಕೇಳುವವರು. ನನಗೆ ಮಾತ್ರ ಹಕ್ಕಿ, ಮಂಜು ಎಂದಿರಿ. ನಿಮ್ಮಿಬ್ಬರ ಕಾಗದಗಳಲ್ಲೂ ಕಂಪನಿ ಇತ್ತು, ಇಂಜಿನ್ ಇತ್ತು, ನನಗೆ ಹೇಗಿದೆ ಎಂಬ ಒಂದು ಸಾಲು ಇರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಶಂಶುನ್ನೀಸಾ ಎಂಬವರಿದ್ದಾರೆ. ಶಿವಾಜಿನಗರದಲ್ಲಿ ಹುಟ್ಟಿದವರು, ಮದುವೆಯಾಗಿ ಇಲ್ಲಿಗೆ ಬಂದು ಇಲ್ಲಿಯವರೇ ಆಗಿದ್ದಾರೆ. ಕನ್ನಡ ಆಡಲು ಜನ ಸಿಕ್ಕಿದ್ದೇ ಅವರಿಗೆ ಸಂತೋಷ. ಆಸ್ಪತ್ರೆಯಿಂದ ಬಂದ ದಿನ ನನ್ನ ಪಾದ ನೀವುತ್ತ ಕುಳಿತಿದ್ದರು. "ಯಾರು ಬಂದ್ರೂ ಬರ್ದಿದ್ರೂ ನಾನಿದೀನಿ ಬೇಟಾ, ನೀನು ನಿದ್ದೆ ಮಾಡು" ಅಂದರು. ಎಷ್ಟೋ ದಿನಗಳ ಮೇಲೆ ನಾನು ನಿದ್ದೆ ಮಾಡಿದೆ. ಬಾಣಂತನ ಅವರೇ ಮಾಡುತ್ತಾರೆ. ನೀವಿಬ್ಬರೂ ಬರುವುದು ಬೇಡ.

ರಂಜನಾ


ಜೀವನ್ ಬಿಮಾ ನಗರ
೧೪ ಡಿಸೆಂಬರ್ ೨೦೨೫

ವಿಮಲಾಕ್ಷಿಯವರಿಗೆ,

ನಿಮಗೂ ಬಂದಿರಬೇಕು. ನಾನು ಎರಡು ದಿನ ಒಲೆ ಹಚ್ಚಲಿಲ್ಲ. ಇವರು ಹೋಟೆಲಿನಿಂದ ಇಡ್ಲಿ ತಂದು ಮುಂದಿಟ್ಟರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮಗಳು ಗಾಜಿನ ಮುಂದೆ ಬೆವರುತ್ತ ಕುಳಿತದ್ದಕ್ಕೆ ನೀವು ಅರ್ಧ ಕಾರಣ, ನಾನು ಅರ್ಧ ಕಾರಣ. ಅರ್ಧಕ್ಕಿಂತ ನನ್ನದೇ ಸ್ವಲ್ಪ ಹೆಚ್ಚು, ಹೆತ್ತವಳು ನಾನು.

ಆದರೂ ಕೇಳುತ್ತೇನೆ. ಯಾರು ಈ ಶಂಶುನ್ನೀಸಾ? ಮೆಣಸಿನ ಸಾರು ಎಷ್ಟು ಖಾರ ಇರಬೇಕೆಂದು ಆಕೆಗೆ ಗೊತ್ತೇ? ರಂಜನಾಗೆ ತಲೆಗೆ ನೀರು ಹಾಕುವಾಗ ಕಿವಿ ಮುಚ್ಚಬೇಕು, ಇಲ್ಲದಿದ್ದರೆ ಮರುದಿನ ನೋವು ಬರುತ್ತದೆ. ಅದು ಆಕೆಗೆ ಯಾರು ಹೇಳುತ್ತಾರೆ? ಒಳ್ಳೆಯ ಹೆಂಗಸೇ ಇರಬಹುದು. ಒಳ್ಳೆಯವಳು ಎಂದೇ ನನಗೆ ತಡೆಯಲಾಗುತ್ತಿಲ್ಲ. ನಿಮ್ಮ ಮೇಲೆ ಪಟ್ಟ ಕಿಚ್ಚು ಇದರ ಮುಂದೆ ಏನೂ ಅಲ್ಲ.

ಬೇಡ ಎಂದಿದ್ದಾಳೆ, ನಾನು ಹೋಗುತ್ತೇನೆ. ನಿಮ್ಮ ವಿಮಾನದಲ್ಲಿ ಇನ್ನೊಂದು ಸೀಟು ಇದೆಯೇ?

ಶಾಂತಕುಮಾರಿ


ಕೆ.ಆರ್. ಪುರ
೧೯ ಡಿಸೆಂಬರ್ ೨೦೨೫

ಅಕ್ಕ,

ಇದೆ. ನನ್ನ ಪಕ್ಕದ್ದೇ ಹಿಡಿಸಿದ್ದೇನೆ. ಈ ಸಲ ಕಿಟಕಿ ನನಗೆ ಬೇಡ, ನೀವು ಕೂತರೆ ಕೂರಿ. ನಾನು ಅಂಟಿನುಂಡೆ ಕಟ್ಟುತ್ತ ಕುಳಿತಾಗ ಆ ಶಂಶುನ್ನೀಸಾ ಏನು ತಿನ್ನಿಸುತ್ತಿರಬಹುದು ಎಂದೇ ತಲೆಯಲ್ಲಿ. ಸೊಸೆಯ ಪಾದ ನಾನು ಒಮ್ಮೆಯೂ ನೀವಿದವಳಲ್ಲ. ನೆನಪಾದರೆ ಅಳು ಬರುತ್ತದೆ.

ವಿಮಲಾಕ್ಷಿ


ಪೋರ್ಟ್ ಬ್ಲೇರ್
೧೨ ಜನವರಿ ೨೦೨೬

ರೀ,

ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಇಲ್ಲಿ ಗೋಡೆ ತೆಳು, ಆಡಿದ್ದೆಲ್ಲ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ ಮೇಲೇಳುವಾಗ ನಾನು ಕಣ್ಣು ಮುಚ್ಚಿಕೊಂಡು ನೀವು ವಾಪಸ್ ಕಳಿಸಿದ ಭಾಗಗಳನ್ನೆಲ್ಲ ನೆನೆಸಿಕೊಂಡೆ. ಇಳಿಯುವ ಹೊತ್ತಿಗೆ ಕೆಳಗಿನಿಂದ ದಡ್ ಎಂದು ಸದ್ದಾಯಿತು. ಯಾವತ್ತೂ ಹೆದರದ ವಿಮಲಾಕ್ಷಿ "ಶಿವನೇ" ಎಂದು ನನ್ನ ಕೈ ಹಿಡಿದುಬಿಟ್ಟರು. ಚಕ್ರ ಹೊರಗೆ ಬರುವ ಸದ್ದು ಅದು, ನಮ್ಮವರು ಹೇಳಿದ್ದಾರೆ ಎಂದೆ. ಅವರು ಕೈ ಬಿಡಲಿಲ್ಲ. ನಾನು ಕಳಿಸಿದ ಆ ಗುಡ್ಡದ ಕಾಗದ ಅವರ ತಲೆಯಲ್ಲಿ ಕೂತಿತ್ತೆಂದು ಆಮೇಲೆ ಹೇಳಿದರು. ಇನ್ನು ಮೇಲೆ ಅವರಿಗೆ ಮೊದಲಿನ ಹಾಗೆ ಹಾರಲು ಆಗುವುದೋ ಇಲ್ಲವೋ. ಅದೊಂದು ಸಂಕಟ ನನಗೆ.

ಮಗು ನಮಗಿಂತ ಮೂರು ದಿನ ಮುಂಚೆ ಬಂದದ್ದು ನಿಮಗೆ ಗೊತ್ತೇ ಇದೆ. ನಾವು ಬಾಗಿಲಿಗೆ ಬಂದಾಗ ಶಂಶುನ್ನೀಸಾ ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತು ಮಗುವಿಗೆ ಎರೆಯುತ್ತಿದ್ದರು. ತಲೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬೆನ್ನಿಗೆ ನೀರು ಸುರಿಯುತ್ತಿದ್ದ ರೀತಿಯಲ್ಲಿ ಒಂದು ತಪ್ಪಾದರೂ ಸಿಗಲಿ ಎಂದು ನೋಡಿದೆ. ಸಿಗಲಿಲ್ಲ. ನಮ್ಮನ್ನು ಕಂಡು ತುಂಬ ಸಂತೋಷಪಟ್ಟರು. ಇಬ್ಬರಿಗೂ ಚಹಾ ಮಾಡಿಕೊಟ್ಟರು. ಇಷ್ಟು ದೂರ ಹೆದರಿಕೊಂಡು ಬಂದಿರಲ್ಲ, ಕಾಲು ಚಾಚಿ ಮಲಗಿ ಎಂದು ಉಪಚಾರ ಮಾಡಿದರು. ನನ್ನ ಮಗಳ ಮನೆಯಲ್ಲಿ ನನ್ನನ್ನು ಅತಿಥಿಯ ಹಾಗೆ ಕೂರಿಸಿದರು, ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ರಂಜನಾ ಸಿಟ್ಟಾಗಿಲ್ಲ. ನಮ್ಮಿಬ್ಬರ ಕಾಲಿಗೂ ನಮಸ್ಕಾರ ಮಾಡಲು ಬಂದಳು, ನಾವೇ ತಡೆದೆವು. ವಿಮಲಾಕ್ಷಿಯ ಅಂಟಿನುಂಡೆ ತಿಂದಳು, ನನ್ನ ಮೆಣಸಿನ ಸಾರೂ ಉಂಡಳು. ಎರಡೂ ಚೆನ್ನಾಗಿವೆ ಎಂದಳು. ಚಿಕ್ಕವಳಿದ್ದಾಗ ನನ್ನ ಸಾರಿಗೆ ಉಪ್ಪು ಸಾಲದು, ಹುಳಿ ಹೆಚ್ಚು ಎಂದು ಜಗಳ ಮಾಡುತ್ತಿದ್ದವಳು ಈಗ ಹೊರಗಿನವರ ಹಾಗೆ ಚೆನ್ನಾಗಿದೆ ಎನ್ನುತ್ತಾಳೆ.

ಇವತ್ತು ಮಧ್ಯಾಹ್ನ ನಾನೂ ವಿಮಲಾಕ್ಷಿಯೂ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಶಂಶುನ್ನೀಸಾ ಅಡುಗೆಮನೆಯಲ್ಲಿ ಬಿಸಿನೀರು ಇಟ್ಟಿದ್ದರು. ಮಗು ಎದ್ದು ಅಳತೊಡಗಿತು. ಕೋಣೆಯಿಂದ ರಂಜನಾ "ಅಮ್ಮಾ" ಎಂದು ಕೂಗಿದಳು.

ವಿಮಲಾಕ್ಷಿ ನನ್ನ ಮುಖ ನೋಡಿದರು. ಅವರನ್ನು ಅವಳು ಅತ್ತೆ ಎಂದೇ ಕರೆಯುವುದು, ಅಮ್ಮ ಎಂದರೆ ನಾನೇ. ಸುಳ್ಳು ಯಾಕೆ ಹೇಳಲಿ, ಅವರ ಮುಖ ಸಪ್ಪಗಾದದ್ದನ್ನು ನೋಡಿ ನನಗೆ ಖುಷಿಯಾಯಿತು. ಸೆರಗು ಸಿಕ್ಕಿಸಿಕೊಂಡು ಎದ್ದು ಕೋಣೆಯ ಬಾಗಿಲಿಗೆ ಹೋದೆ.

ರಂಜನಾ ತಲೆಯೆತ್ತಿ ನೋಡಿದಳು. "ನೀನು ಕೂತ್ಕೋಮ್ಮಾ, ಪರ್ವಾಗಿಲ್ಲ" ಎಂದಳು. ತುಂಬ ಮೆತ್ತಗೆ ಹೇಳಿದಳು. "ನಾನು ಶಂಶು ಅಮ್ಮನ್ನ ಕರೆದೆ."

ಅಷ್ಟರಲ್ಲಿ ಶಂಶುನ್ನೀಸಾ ಕೈ ಒರೆಸಿಕೊಳ್ಳುತ್ತ ಬಂದರು. ಒಳಗೆ ಹೋಗಲು ಅವರಿಗೆ ದಾರಿ ಬೇಕಿತ್ತು, ನಾನು ಪಕ್ಕಕ್ಕೆ ಸರಿದೆ. ಆಮೇಲೆ ಬಂದು ಬೆಂಚಿನ ಮೇಲೆ ಕುಳಿತೆ. ಒಳಗೆ ಮಗು ಅಳು ನಿಲ್ಲಿಸಿತು.

ನಿಮ್ಮ,
ಶಾಂತ